ಬೇರೆ ಕೋಣೆಯ ಅಮರರು: ಸ್ಯಾಚೆಲ್ ಪೇಜ್ ನೆಪದಲ್ಲಿ ಕೆಲವು ಮಾತು

1

ಈ ವಿಶೇಷಾಂಕಕ್ಕೆ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ನಾನು ಕೂಡಲೇ ಒಪ್ಪಲಿಲ್ಲ. ಕಾರಣ ಸೋಮಾರಿತನವಲ್ಲ. ಮೇಷ್ಟ್ರಾಗಿ ಸೇರಿದ ಈ ನಾಲ್ಕು ವರ್ಷಗಳಲ್ಲಿ ನನ್ನನ್ನು ಮೂರು ವಿಚಾರ ಸಂಕಿರಣಗಳಿಗೆ ಕರೆದಿದ್ದಾರೆ. ಮೂರರಲ್ಲೂ ನನಗೆ ಸಿಕ್ಕಿದ್ದು ಮಧ್ಯಾಹ್ನದ ಊಟವಾದ ಮೇಲಿನ 'ದಲಿತ ಸಂವೇದನೆ' ಗೋಷ್ಠಿ. ಎಂ.ಎ.ಯಲ್ಲಿ ನಾನು ಇಷ್ಟಪಟ್ಟು ಓದಿದ್ದು ಹಳಗನ್ನಡ. ಮೂರನೇ ಸಲ ಧೈರ್ಯ ಮಾಡಿ, 'ಪಂಪನ ಕರ್ಣನ ಬಗ್ಗೆ ಮಾತಾಡ್ತೀನಿ ಸಾರ್' ಅಂದೆ. ಸಂಘಟಕರು ಪ್ರೀತಿಯಿಂದಲೇ, 'ಅದಕ್ಕೆ ಬೇರೆಯವರಿದ್ದಾರೆ ಕಣ್ರೀ. ನಿಮ್ಮದು ಅನುಭವದಿಂದ ಬಂದ ಮಾತು. ಅದನ್ನ ನೀವು ಬಿಟ್ರೆ ಯಾರು ಹೇಳ್ತಾರೆ?' ಅಂದರು. ಅವರು ಕೆಟ್ಟವರಲ್ಲ. ನನ್ನನ್ನು ಹೊಗಳಿದರು. ಹೊಗಳುತ್ತಲೇ ನನ್ನ ಜಾಗ ಎಲ್ಲಿ ಅನ್ನುವುದನ್ನೂ ತೋರಿಸಿಬಿಟ್ಟರು.

ಬೈಗುಳ ಹೊರಗಿಡುತ್ತದೆ ಅನ್ನುವುದು ನಮಗೆಲ್ಲ ಗೊತ್ತು. ಹೊಗಳಿಕೆ ಹೇಗೆ ಹೊರಗಿಡುತ್ತದೆ? ಈ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದವನಿಗೆ ಸಿಕ್ಕಿದ್ದು ಅಮೆರಿಕದ ಕಪ್ಪು ಬೇಸ್‌ಬಾಲ್ ಆಟಗಾರ ಸ್ಯಾಚೆಲ್ ಪೇಜ್‌ನ ಬದುಕು. 'ದಲಿತ ವಿಮರ್ಶೆಗೂ ಬೇಸ್‌ಬಾಲಿಗೂ ಎತ್ತಣಿಂದೆತ್ತ ಸಂಬಂಧ ಮಾರಾಯ?' ಎಂದು ಓದುಗರು ಕೇಳಬಹುದು. 1972ರಲ್ಲಿ ಮುಂಬಯಿಯ ತರುಣರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟಿದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರರನ್ನು ಕಣ್ಣ ಮುಂದಿಟ್ಟುಕೊಂಡೇ. ಅಂದಿನಿಂದ ನಾವು ಕರಿಯರ ಕವಿತೆ ಓದಿದೆವು, ಹೋರಾಟ ಓದಿದೆವು. ಅವರ ಆಟವನ್ನು ಓದಲಿಲ್ಲ. ಆದರೆ ಪ್ರತಿಭೆಯನ್ನು ಅಂಕಿಯಲ್ಲಿ ಅಳೆಯುತ್ತೇನೆ ಎಂದು ಹೇಳಿಕೊಳ್ಳುವ ಕ್ಷೇತ್ರ ಆಟ. 'ಮೆರಿಟ್ಟು' ಎಂಬ ಒಂದೇ ಮಾತಿನಿಂದ ಮೂರು ತಲೆಮಾರು ಏಟು ತಿಂದಿರುವ ನಮಗೆ ಇದು ಓದಲೇಬೇಕಾದ ಪಠ್ಯ.

2

ಬೇಸ್‌ಬಾಲ್ ನಮ್ಮೂರ ಬಯಲಿನ ಆಟವಲ್ಲವಾದ್ದರಿಂದ ಒಂದೆರಡು ಮಾತು. ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದಹಾಗೆ ಅಲ್ಲಿ ಪಿಚರ್. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, 60 ಅಡಿ 6 ಅಂಗುಲದಾಚೆಗೆ ದಾಂಡಿಗ ನಿಲ್ಲುವ ಜಾಗಕ್ಕೆ ನೆಲ ತಾಕದಂತೆ ಚೆಂಡು ಎಸೆಯುತ್ತಾನೆ. ಪ್ರತಿ ಪಂದ್ಯದ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೆ, ಸೋಲನ್ನು ಎದುರು ತಂಡದ ಒಬ್ಬನ ಹೆಸರಿಗೆ ಬರೆಯುತ್ತಾರೆ. ಆದ್ದರಿಂದ ಪಿಚರ್‌ನ ಬದುಕೆಂದರೆ ಎರಡು ಅಂಕಿ: ಇಷ್ಟು ಗೆದ್ದ, ಇಷ್ಟು ಸೋತ.

ಅಮೆರಿಕದ ಮೇಜರ್ ಲೀಗ್‌ನ ಹಳೆಯ ಪಟ್ಟಿಯಲ್ಲಿ ಪೇಜ್‌ನ ಲೆಕ್ಕ 28 ಗೆಲುವು, 31 ಸೋಲು. ಈ ಅಂಕಿ ಮಾತ್ರ ಓದಿದವನು, 'ಸಾಧಾರಣ ಆಟಗಾರ' ಎಂದು ಪುಟ ಮಗುಚುತ್ತಾನೆ. ಅಂಕಿ ಸುಳ್ಳಲ್ಲ. ಆದರೆ ಅದು ಪೇಜ್‌ನನ್ನು ಅಳೆದದ್ದಲ್ಲ, ಅವನ ಎದುರು ಮುಚ್ಚಿದ್ದ ಬಾಗಿಲನ್ನು ಅಳೆದದ್ದು.

ಲೆರಾಯ್ ರಾಬರ್ಟ್ ಪೇಜ್ ಹುಟ್ಟಿದ್ದು 7 ಜುಲೈ 1906ರಂದು, ಅಲಬಾಮಾದ ಮೊಬೀಲ್ ಪಟ್ಟಣದಲ್ಲಿ. ಮನೆ ತುಂಬ ಮಕ್ಕಳು, ಬಡತನ. ಹುಡುಗ ರೈಲ್ವೆ ಸ್ಟೇಷನ್ನಿನಲ್ಲಿ ಪ್ರಯಾಣಿಕರ ಚೀಲ ಹೊತ್ತ. ಒಂದೇ ಸಲಕ್ಕೆ ಹೆಚ್ಚು ಚೀಲ ಹೊರಲು ಕೋಲಿಗೆ ಹಗ್ಗ ಕಟ್ಟಿಕೊಂಡಿದ್ದರಿಂದ 'ಸ್ಯಾಚೆಲ್', ಅಂದರೆ ಕೈಚೀಲ, ಎಂಬ ಹೆಸರು ಅಂಟಿತಂತೆ. ಚೀಲ ಕದ್ದು ಸಿಕ್ಕಿಬಿದ್ದದ್ದರಿಂದ ಬಂದ ಹೆಸರು ಅನ್ನುವವರೂ ಇದ್ದಾರೆ. ಯಾವುದೇ ಆಗಲಿ, ಹೊರುವ ಕೆಲಸ ಹೆಸರಾಯಿತು. ಇದು ನಮಗೆ ಹೊಸ ಕತೆಯಲ್ಲ. 1918ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಸ್ಕೂಲು ತಪ್ಪಿಸಿದ್ದಕ್ಕೂ ಸಣ್ಣ ಕಳ್ಳತನಕ್ಕೂ ಅವನನ್ನು ಮೌಂಟ್ ಮೇಗ್ಸ್‌ನ ಕಪ್ಪು ಮಕ್ಕಳ ಸುಧಾರಣಾ ಶಾಲೆಗೆ ತಳ್ಳಿದರು. ಐದು ವರ್ಷ ಅಲ್ಲಿದ್ದ. ಚೆಂಡೆಸೆಯುವುದನ್ನು ಕ್ರಮವಾಗಿ ಕಲಿತದ್ದು ಅಲ್ಲೇ. ಐದು ವರ್ಷದ ಸ್ವಾತಂತ್ರ್ಯ ಕೊಟ್ಟು ಆಟ ಕೊಂಡೆ ಅನ್ನುವ ಅರ್ಥದ ಮಾತನ್ನು ಮುಂದೆ ಅವನೇ ಹೇಳಿದ.

1926ರಲ್ಲಿ ಚಟನೂಗಾದ ಕಪ್ಪು ತಂಡಕ್ಕೆ ಸೇರಿದ. ಅಲ್ಲಿಂದ ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕಾನ್ಸಾಸ್ ಸಿಟಿ. ಇವೆಲ್ಲ ಆಗ 'ನೀಗ್ರೊ ಲೀಗ್' ಎಂದು ಕರೆಯುತ್ತಿದ್ದ ಪ್ರತ್ಯೇಕ ಲೋಕದ ತಂಡಗಳು. ಮೇಜರ್ ಲೀಗ್‌ನಲ್ಲಿ ಕಪ್ಪು ಜನ ಆಡಕೂಡದು ಎಂಬ ಕಾನೂನು ಎಲ್ಲೂ ಬರೆದಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮಾಲೀಕರ ನಡುವೆ ಒಂದು ಮೌನ ಒಪ್ಪಂದವಿತ್ತು, ಅಷ್ಟೇ. ನಮ್ಮೂರ ಹೋಟೆಲಿನಲ್ಲಿ ಬೇರೆ ಲೋಟ ಇಡಬೇಕು ಅಂತ ಯಾವ ಪುಸ್ತಕದಲ್ಲಿ ಬರೆದಿತ್ತು?

ಹಾಗಾದರೆ ಬಿಳಿಯರಿಗೆ ಅವನ ಆಟ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಋತು ಮುಗಿದ ಮೇಲೆ ಬಿಳಿಯ ತಾರೆಯರೂ ಕಪ್ಪು ಆಟಗಾರರೂ ಹಣಕ್ಕಾಗಿ ಪ್ರದರ್ಶನ ಪಂದ್ಯ ಆಡುತ್ತಿದ್ದರು. 1934ರಲ್ಲಿ ಆ ಕಾಲದ ದೊಡ್ಡ ಪಿಚರ್ ಡಿಜ್ಜಿ ಡೀನ್ ವಿರುದ್ಧ, 1946ರಲ್ಲಿ ಬಾಬ್ ಫೆಲ್ಲರ್ ತಂಡದ ವಿರುದ್ಧ ಪೇಜ್ ಆಡಿದ. ಡೀನ್ ಅವನನ್ನು ಬಾಯಿತುಂಬ ಹೊಗಳಿದ. ಅದೇ ಚೆಂಡು, ಅದೇ ಆಟ. ಋತುವಿನ ಒಳಗೆ ಮೈಲಿಗೆ, ಋತು ಮುಗಿದ ಮೇಲೆ ಇಲ್ಲ. ಗದ್ದೆಯಲ್ಲಿ ಜೊತೆಗೆ ನಿಂತು ನಾಟಿ ಮಾಡಿಸಿ ಉಣ್ಣುವಾಗ ಪಂಕ್ತಿ ಬೇರೆ ಮಾಡುವ ನಮ್ಮ ಊರುಗಳಿಗೆ ಈ ತರ್ಕ ಬಿಡಿಸಿ ಹೇಳಬೇಕಾಗಿಲ್ಲ.

3

ಪೇಜ್ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅವನನ್ನು ಪುರಾಣಪುರುಷನನ್ನಾಗಿ ಮಾಡಿದ್ದಾರೆ. ಚೂಯಿಂಗ್ ಗಮ್ಮಿನ ಸುತ್ತುಕಾಗದ ನೆಲಕ್ಕಿಟ್ಟು ಅದರ ಮೇಲೆ ಹಾಯುವಂತೆ ಚೆಂಡು ಎಸೆಯುತ್ತಿದ್ದನಂತೆ. ಫೀಲ್ಡರುಗಳನ್ನು ಕೂತ್ಕೊಳ್ಳಿ ಎಂದು ಕೂರಿಸಿ ದಾಂಡಿಗರನ್ನು ಔಟ್ ಮಾಡುತ್ತಿದ್ದನಂತೆ. ತನ್ನ ಎಸೆತಗಳಿಗೆ 'ಬೀ ಬಾಲ್', 'ಟ್ರಬಲ್ ಬಾಲ್', 'ಮಿಡ್‌ನೈಟ್ ಕ್ರೀಪರ್' ಅಂತೆಲ್ಲ ನಾಮಕರಣ ಮಾಡಿದ್ದ. ವಯಸ್ಸು ಕೇಳಿದರೆ, ಹುಟ್ಟಿದ ದಿನ ಬರೆದಿದ್ದ ಬೈಬಲ್ಲನ್ನು ಮೇಕೆ ತಿಂದುಬಿಟ್ಟಿತು ಅನ್ನುತ್ತಿದ್ದ.

ಈ ಮೇಕೆ ಕತೆ ಓದಿದಾಗ ನನಗೆ ನಗುವಿನ ಜೊತೆಗೆ ನಮ್ಮಪ್ಪ ನೆನಪಾದರು. ಅಪ್ಪನ ಜನ್ಮದಿನ ಜೂನ್ 1. ಕೇರಿಯ ಅವರ ಓರಗೆಯವರದ್ದೂ ಬಹುಪಾಲು ಜೂನ್ 1. ಸ್ಕೂಲಿಗೆ ಸೇರಿಸಿಕೊಂಡ ಮೇಷ್ಟ್ರು ಬರೆದುಕೊಂಡ ದಿನ ಅದು. ನಮ್ಮ ಹುಟ್ಟನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣದ ಕಡೆ, ಹುಟ್ಟಿದ ದಿನವೇ ಕತೆಯಾಗುತ್ತದೆ. ಪೇಜ್‌ನ ಜನನದ ದಾಖಲೆ ಇತ್ತು. ಆದರೂ ಅವನು ಮೇಕೆಯ ಕತೆ ಹೇಳಿದ. ತನ್ನನ್ನು ಲೆಕ್ಕಕ್ಕೆ ಹಿಡಿಯದವರ ಎದುರು ತಾನೇ ಲೆಕ್ಕ ತಪ್ಪಿಸುವ ಆಟ ಇದು.

ಅವನ ಆತ್ಮಕಥೆ 'ಮೇಬೀ ಐ ವಿಲ್ ಪಿಚ್ ಫಾರೆವರ್' 1962ರಲ್ಲಿ ಬಂತು. ಡೇವಿಡ್ ಲಿಪ್‌ಮನ್ ಎಂಬ ಪತ್ರಕರ್ತನ ಜೊತೆಗೂಡಿ ಬರೆದದ್ದು. ಪುಸ್ತಕದ ತುಂಬ ಹಾಸ್ಯ. ಹಾಸ್ಯವನ್ನು ಕಂಡ ಕೂಡಲೆ 'ಇವನಿಗೆ ಸಿಟ್ಟಿಲ್ಲ, ಒಳ್ಳೆಯವನು' ಎಂದು ತೀರ್ಮಾನಿಸುವುದು ಯಜಮಾನರ ಓದು. ಸಿದ್ಧಲಿಂಗಯ್ಯನವರ 'ಊರುಕೇರಿ' ಬಂದಾಗ ನಮ್ಮಲ್ಲೂ ಕೆಲವರು ಅದರ ನಗುವನ್ನು ಹೀಗೇ ಓದಿ ನಿರಾಳವಾದರು. ಬಡವರ ನಗುವಿನ ಶಕ್ತಿ ಎಂಥದ್ದು ಎಂದು ಡಿ.ಆರ್. ನಾಗರಾಜ್ ಬರೆದ ಮೇಲೂ ಆ ನಿರಾಳ ಪೂರ್ತಿ ಹೋಗಿಲ್ಲ. ಪೇಜ್‌ನ ಪುಸ್ತಕದಲ್ಲಿ ನಗು ನಿಲ್ಲುವ ಜಾಗಗಳಿವೆ, ನಾವು ಅಲ್ಲಿ ನಿಂತು ಓದಬೇಕು. 1945ರಲ್ಲಿ ಬ್ರೂಕ್ಲಿನ್ ತಂಡದ ಬ್ರಾಂಚ್ ರಿಕಿ ಕಪ್ಪು ಆಟಗಾರನೊಬ್ಬನನ್ನು ಮೊದಲ ಬಾರಿಗೆ ಒಳಗೆ ಕರೆದಾಗ ಆರಿಸಿದ್ದು ಜಾಕಿ ರಾಬಿನ್‌ಸನ್‌ನನ್ನು. ಅದೇ ವರ್ಷ ಕಾನ್ಸಾಸ್ ಸಿಟಿಯಲ್ಲಿ ಪೇಜ್‌ನ ಜೊತೆ ಆಡಿದ್ದ ಹುಡುಗ. ಪತ್ರಿಕೆಯವರ ಮುಂದೆ ಪೇಜ್ ಒಳ್ಳೆಯ ಆಯ್ಕೆ ಎಂದ. ಪುಸ್ತಕದಲ್ಲಿ ಮಾತ್ರ ನೋವು ಹೊರಗೆ ಬರುತ್ತದೆ: ಇಪ್ಪತ್ತು ವರ್ಷ ಬಾಗಿಲು ಬಡಿದವನು ನಾನು, ಒಳಗೆ ಹೋದವನು ಇನ್ನೊಬ್ಬ.

ಅವನ ಸರದಿ ಬಂದದ್ದು 1948ರ ಜುಲೈ 7ರಂದು, ನಲವತ್ತೆರಡನೇ ಹುಟ್ಟುಹಬ್ಬದ ದಿನ. ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೆಕ್ ಅವನನ್ನು ಸೇರಿಸಿಕೊಂಡ. ಇತರ ಪಿಚರುಗಳು ಭುಜ ಸವೆದು ಮನೆ ಸೇರುವ ವಯಸ್ಸು ಅದು. 'ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆಯ ಸಂಪಾದಕ ಟೇಲರ್ ಸ್ಪಿಂಕ್, ಇದು ಪ್ರಚಾರದ ಗಿಮಿಕ್ಕು, ಪೇಜ್ ಬಿಳಿಯನಾಗಿದ್ದರೆ ವೆಕ್ ತಿರುಗಿಯೂ ನೋಡುತ್ತಿರಲಿಲ್ಲ ಎಂದು ಬರೆದ. ಬಿಳಿಯನಾಗಿದ್ದರೆ ಇಪ್ಪತ್ತೈದು ವರ್ಷ ಮೊದಲೇ ಮೇಜರ್ ಲೀಗ್‌ನಲ್ಲಿರುತ್ತಿದ್ದ ಎಂಬುದು ವೆಕ್‌ನ ಉತ್ತರ. ಸ್ಪಿಂಕ್‌ನ ಮಾತನ್ನು ನಾವು ಸ್ಟಾಫ್‌ರೂಮುಗಳಲ್ಲಿ ಕನ್ನಡದಲ್ಲೇ ಕೇಳಿದ್ದೇವೆ: 'ಕೋಟಾದಲ್ಲಿ ಬಂದೋನು.'

ಆ ಅರ್ಧ ಋತುವಿನಲ್ಲಿ ಪೇಜ್ 6 ಗೆದ್ದ, 1 ಸೋತ. ಒಂಬತ್ತು ಇನಿಂಗ್ಸಿಗೆ ಅವನು ಬಿಟ್ಟುಕೊಟ್ಟ ಓಟದ ಸರಾಸರಿ 2.48. ಆಗಸ್ಟ್ 20ರ ರಾತ್ರಿ ಅವನ ಆಟ ನೋಡಲು ಕ್ಲೀವ್‌ಲ್ಯಾಂಡಿನಲ್ಲಿ ಸೇರಿದವರು 78,382 ಜನ. ವರ್ಲ್ಡ್ ಸೀರೀಸ್‌ನಲ್ಲಿ ಚೆಂಡೆಸೆದ ಮೊದಲ ಕಪ್ಪು ಪಿಚರ್ ಅವನೇ ಆದ. ಅದೇ ವರ್ಷ, ತೋಳು ಬೀಸುವ ನಡುವೆ ಒಂದು ಕ್ಷಣ ತಡೆದು ದಾಂಡಿಗನನ್ನು ಮೋಸಗೊಳಿಸುವ ಅವನ 'ಹೆಸಿಟೇಶನ್ ಪಿಚ್' ನಿಯಮಬಾಹಿರ ಎಂದು ಲೀಗ್ ಅಧ್ಯಕ್ಷ ವಿಲ್ ಹ್ಯಾರಿಜ್ ತೀರ್ಪು ಕೊಟ್ಟ. ಒಳಗೆ ಬಿಟ್ಟುಕೊಂಡರು. ಆದರೆ ಹೊರಗೆ ಕಲಿತ ವಿದ್ಯೆಯನ್ನು ಹೊರಗೇ ಬಿಟ್ಟು ಬಾ ಅಂದರು. ನಮ್ಮ ಹುಡುಗರು ಕೇರಿಯ ಕನ್ನಡದಲ್ಲಿ ಉತ್ತರ ಬರೆದಾಗ 'ಭಾಷಾ ದೋಷ' ಎಂದು ಕೆಂಪು ಗೆರೆ ಎಳೆಯುವ ನನಗೂ ಈ ತೀರ್ಪಿನಲ್ಲಿ ಪಾಲಿದೆ ಅನ್ನಿಸಿತು.

1965ರ ಸೆಪ್ಟೆಂಬರ್ 25ರಂದು ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್ ತಂಡದ ಮಾಲೀಕ ಚಾರ್ಲಿ ಫಿನ್ಲಿ 59 ವರ್ಷದ ಪೇಜ್‌ನನ್ನು ಒಂದು ದಿನಕ್ಕೆ ಮೈದಾನಕ್ಕೆ ಇಳಿಸಿದ. ಜನ ನಗಲಿ ಎಂದು ಅವನಿಗೆ ತೂಗುಕುರ್ಚಿ ಹಾಕಿಸಿದ, ತೋಳು ತಿಕ್ಕಲು ನರ್ಸ್ ನಿಲ್ಲಿಸಿದ. ಪೇಜ್ ಕುರ್ಚಿಯಲ್ಲಿ ಕೂತ, ನಗಿಸಿದ. ಆಮೇಲೆ ಎದ್ದು ಹೋಗಿ ಬಾಸ್ಟನ್ ತಂಡದ ವಿರುದ್ಧ ಮೂರು ಇನಿಂಗ್ಸ್ ಎಸೆದು ಒಂದೇ ಒಂದು ಹಿಟ್ ಕೊಟ್ಟ, ಓಟ ಕೊಡಲಿಲ್ಲ. ಕುರ್ಚಿ ಮಾಲೀಕನದು, ಮೂರು ಇನಿಂಗ್ಸ್ ಅವನದು. ನಾವು ಹೆಚ್ಚಾಗಿ ಕುರ್ಚಿಯ ಚಿತ್ರವನ್ನೇ ನೆನಪಿಟ್ಟುಕೊಳ್ಳುತ್ತೇವೆ. ಪುರಾಣ ಮಾಡುವ ಕೆಲಸ ಇದೇ: ಕೈಯ ಕೆಲಸವನ್ನು ಮರೆಸಿ ಪವಾಡವನ್ನು ಉಳಿಸುವುದು. ಪವಾಡಪುರುಷನಿಗೆ ಯಾರೂ ಸಂಬಳದ ಬಾಕಿ ಕೊಡಬೇಕಾಗಿಲ್ಲ.

ಬಾಕಿ ಅನ್ನುವುದನ್ನು ಉಪಮೆಯಾಗಿ ಹೇಳುತ್ತಿಲ್ಲ. ಮೇಜರ್ ಲೀಗ್ ನಿವೃತ್ತಿವೇತನಕ್ಕೆ ಬೇಕಾದ ಸೇವೆಯ ದಿನಗಳು ಪೇಜ್‌ಗೆ ಕಡಿಮೆ ಬಿದ್ದಿದ್ದವು. 1968ರಲ್ಲಿ ಅಟ್ಲಾಂಟಾ ತಂಡ ಅವನನ್ನು ಸೇರಿಸಿಕೊಂಡು ಆ ದಿನಗಳನ್ನು ತುಂಬಲು ಅವಕಾಶ ಮಾಡಿಕೊಟ್ಟಿತು. ಪ್ರತಿ ವರ್ಷ ಸೇವೆ ಮುರಿದು ಮತ್ತೆ ಕರೆಸಿಕೊಳ್ಳುವ ನಮ್ಮ ಅತಿಥಿ ಉಪನ್ಯಾಸಕರಿಗೆ ಈ ದಿನಗಳ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

4

ನನ್ನ ಪ್ರಶ್ನೆಗೆ ನೇರ ಉತ್ತರ ಸಿಗುವುದು 1971ರಲ್ಲಿ. ಕೂಪರ್ಸ್‌ಟೌನ್ ಎಂಬಲ್ಲಿ ಬೇಸ್‌ಬಾಲಿನ ಮಹನೀಯರ ಸ್ಮಾರಕವಿದೆ, 'ಹಾಲ್ ಆಫ್ ಫೇಮ್' ಎಂದು ಹೆಸರು. ಅಲ್ಲಿ ಸೇರಲು ಮೇಜರ್ ಲೀಗ್‌ನಲ್ಲಿ ಕನಿಷ್ಠ 10 ಋತು ಆಡಿರಬೇಕೆಂಬ ನಿಯಮ. ಎಲ್ಲರಿಗೂ ಒಂದೇ ನಿಯಮ, ಬಣ್ಣದ ಮಾತೇ ಇಲ್ಲ! ಇಪ್ಪತ್ತು ವರ್ಷ ಒಳಗೆ ಬಿಡದವರೇ ಆಮೇಲೆ 'ನೀನು ಹತ್ತು ವರ್ಷ ಒಳಗಿರಲಿಲ್ಲವಲ್ಲ' ಅಂದರು. 1966ರಲ್ಲಿ ಆ ಗೌರವ ಪಡೆದ ಬಿಳಿಯ ಆಟಗಾರ ಟೆಡ್ ವಿಲಿಯಮ್ಸ್ ಅದೇ ವೇದಿಕೆಯಲ್ಲಿ, ಪೇಜ್ ಮತ್ತು ಜಾಶ್ ಗಿಬ್ಸನ್‌ರಂಥವರೂ ಇಲ್ಲಿರಬೇಕು ಎಂದು ಹೇಳಿದ್ದ. ಐದು ವರ್ಷದ ಮೇಲೆ, 1971ರ ಫೆಬ್ರುವರಿಯಲ್ಲಿ, ಪೇಜ್‌ನನ್ನು ಆರಿಸಿದರು. ಆದರೆ ಅವನಿಗೆ ಇತರರ ಸಾಲಿನಲ್ಲಿ ಜಾಗವಿಲ್ಲ, ನೀಗ್ರೊ ಲೀಗ್ ಆಟಗಾರರಿಗೆಂದೇ ಮಾಡುವ ಪ್ರತ್ಯೇಕ ವಿಭಾಗದಲ್ಲಿ ಅಂದರು. ಅಮರತ್ವ ಕೊಟ್ಟರು, ಬೇರೆ ಕೋಣೆಯಲ್ಲಿ. ತಾನು ಎರಡನೇ ದರ್ಜೆಯ ಪ್ರಜೆಯಿಂದ ಎರಡನೇ ದರ್ಜೆಯ ಅಮರನಾದೆ ಅನ್ನುವ ಅರ್ಥದ ಮಾತೊಂದು ಪೇಜ್‌ನ ಹೆಸರಿನಲ್ಲಿದೆ. ಪ್ರತಿಭಟನೆ ಎದ್ದಿತು. ಜುಲೈನಲ್ಲಿ ನಿರ್ಧಾರ ಬದಲಾಯಿತು. ಆಗಸ್ಟ್ 9ರಂದು ಅವನು ಎಲ್ಲರ ಸಾಲಿನಲ್ಲೇ ಸೇರಿದ.

ಇಲ್ಲಿ ನಾನು ಇನ್ನೊಬ್ಬ ಎಸೆತಗಾರನನ್ನು ನೆನೆಯದೆ ಮುಂದೆ ಹೋಗಲಾರೆ. ಅವನು ನಮ್ಮ ಧಾರವಾಡದಲ್ಲೇ ಹುಟ್ಟಿದವನು, ಪಲ್ವಂಕರ್ ಬಾಲೂ. ಚಮ್ಮಾರರ ಮನೆಯ ಮಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಪಿಚ್ಚು ನೋಡಿಕೊಳ್ಳುತ್ತ, ನೆಟ್ಸಿನಲ್ಲಿ ದೊರೆಗಳಿಗೆ ಚೆಂಡೆಸೆಯುತ್ತ ಎಡಗೈ ಸ್ಪಿನ್ ಕಲಿತ. ಬಿಳಿಯರನ್ನು ಸೋಲಿಸಬೇಕೆಂಬ ಹಟಕ್ಕೆ ಪುಣೆಯ ಹಿಂದೂ ತಂಡ ಅವನನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಅವನಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವನು ಕಿತ್ತದ್ದು 114 ವಿಕೆಟ್. ಆದರೂ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. ಅದು 1923ರಲ್ಲಿ ಅವನ ತಮ್ಮ ವಿಠ್ಠಲನಿಗೆ ಬಂತು. ತರುಣ ಅಂಬೇಡ್ಕರರಿಗೆ ಬಾಲೂ ಹೆಮ್ಮೆಯ ಹೆಸರಾಗಿದ್ದ. 1937ರ ಚುನಾವಣೆಯಲ್ಲಿ ಅದೇ ಬಾಲೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತ. ಪುರಾಣ ಬೇಡ, ಲೆಕ್ಕ ಬೇಕು ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪೇಜ್‌ಗೆ ತೋರಿಸಿದ ಕೋಣೆ, ಬಾಲೂವಿಗೆ ಕೊಟ್ಟ ಕುಡಿಕೆ, ಎರಡೂ ಗೌರವದ ಹೆಸರಿನಲ್ಲೇ ಬಂದವು. ಆಟ ಬೇಕು, ಆಟಗಾರ ಪಕ್ಕಕ್ಕೆ ಕೂರುವುದು ಬೇಡ.

5

ಹಾಗಾದರೆ ಪ್ರತ್ಯೇಕವಾದದ್ದೆಲ್ಲ ಅವಮಾನವೆ? ಇಲ್ಲಿ ನಾವು ಅವಸರ ಮಾಡಬಾರದು. 1920ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಕಪ್ಪು ಆಟಗಾರ ರೂಬ್ ಫಾಸ್ಟರ್ ಮುಂದೆ ನಿಂತು ಕಟ್ಟಿದ ನೀಗ್ರೊ ನ್ಯಾಷನಲ್ ಲೀಗ್ ಕೂಡ ಪ್ರತ್ಯೇಕವೇ. ಆದರೆ ಅದು ಅವರೇ ಕಟ್ಟಿಕೊಂಡ ಮನೆ. ಅಲ್ಲಿ ತಂಡ ಅವರದು, ಪತ್ರಿಕೆ ಅವರದು, ಚಪ್ಪಾಳೆ ಅವರದು. ಪೇಜ್‌ನ ಎಸೆತಗಳು ಹುಟ್ಟಿದ್ದು ಆ ಮನೆಯಲ್ಲಿ. ಕೂಪರ್ಸ್‌ಟೌನಿನ ಕೋಣೆ ಬೇರೆಯವರ ಮನೆಯಲ್ಲಿ ಬೇರೆಯವರು ತೋರಿಸಿದ ಮೂಲೆ. ಬಾಬಾಸಾಹೇಬರು ದುಂಡುಮೇಜಿನ ಪರಿಷತ್ತಿನಲ್ಲಿ ಕೇಳಿದ ಪ್ರತ್ಯೇಕ ಮತಕ್ಷೇತ್ರವೂ ಪ್ರತ್ಯೇಕವೇ, ಹೋಟೆಲಿನ ಲೋಟವೂ ಪ್ರತ್ಯೇಕವೇ. ಮೊದಲನೆಯದನ್ನು ನಾವು ಕೇಳಿದೆವು, 1932ರ ಪುಣೆ ಒಪ್ಪಂದದಲ್ಲಿ ಅದನ್ನು ಬಿಡಿಸಿದರು. ಎರಡನೆಯದನ್ನು ನಾವು ಕೇಳಲಿಲ್ಲ, ಅದನ್ನು ಹೇರಿದರು. ವ್ಯತ್ಯಾಸ ಗೋಡೆಯಲ್ಲಿಲ್ಲ, ಬೀಗದ ಕೈ ಯಾರ ಕೈಯಲ್ಲಿದೆ ಅನ್ನುವುದರಲ್ಲಿದೆ.

ಆದರೆ ದೊಡ್ಡ ಬಾಗಿಲು ತೆರೆದಾಗ ನಮ್ಮ ಮನೆಯ ಗತಿ ಏನು? 1947ರಲ್ಲಿ ರಾಬಿನ್‌ಸನ್ ಬ್ರೂಕ್ಲಿನ್ ಪರ ಆಡಿದ ಮೇಲೆ ಒಳ್ಳೆಯ ಆಟಗಾರರೆಲ್ಲ ಆ ಕಡೆ ಹೋದರು, ಹಿಂದೆಯೇ ಪ್ರೇಕ್ಷಕರೂ ಹೋದರು. 1948ರ ಋತು ಮುಗಿದಾಗ ನೀಗ್ರೊ ನ್ಯಾಷನಲ್ ಲೀಗ್ ಮುಚ್ಚಿತು. ಒಳಗೆ ಹೋದದ್ದು ಗೆಲುವೇ. ಆದರೆ ಹೋದವರು ಆಟಗಾರರು ಮಾತ್ರ. ಕಟ್ಟಿದವರು, ಬರೆದವರು, ಲೆಕ್ಕ ಇಟ್ಟವರು ಹೊರಗೇ ಉಳಿದರು. ಆಗಸ್ಟ್ ವಿಲ್ಸನ್‌ನ 'ಫೆನ್ಸಸ್' ನಾಟಕದ (1985) ಟ್ರಾಯ್ ಮ್ಯಾಕ್ಸನ್ ಹೀಗೆ ಉಳಿದವನು. ಒಂದು ಕಾಲದ ನೀಗ್ರೊ ಲೀಗ್ ಆಟಗಾರ, ಈಗ ಪಿಟ್ಸ್‌ಬರ್ಗಿನಲ್ಲಿ ಕಸದ ಲಾರಿಯ ಕೆಲಸಗಾರ. ನೀನು ಬೇಗ ಹುಟ್ಟಿಬಿಟ್ಟೆ ಎಂದು ಸಮಾಧಾನ ಹೇಳಿದರೆ ಅವನು ಒಪ್ಪುವುದಿಲ್ಲ. ಬೇಗ, ತಡ ಅನ್ನುವ ಮಾತನ್ನೇ ತಿರಸ್ಕರಿಸುತ್ತಾನೆ. ಆ ಸಿಟ್ಟು ಅವನ ಮನೆಯನ್ನೂ ಸುಡುತ್ತದೆ. ಟ್ರಾಯ್‌ನ ಸಿಟ್ಟು, ಪೇಜ್‌ನ ನಗು, ಇವೆರಡೂ ಒಂದೇ ಗಾಯದ ಎರಡು ಭಾಷೆ. ಒಂದನ್ನು 'ಕಹಿ' ಎಂದು ಬದಿಗಿಟ್ಟು ಇನ್ನೊಂದನ್ನು 'ಪ್ರೌಢ' ಎಂದು ಮೆಚ್ಚುವ ವಿಮರ್ಶೆ ಎರಡನ್ನೂ ಓದಿಲ್ಲ.

ಪೇಜ್ 1982ರ ಜೂನ್ 8ರಂದು ತೀರಿಕೊಂಡ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸಂಸ್ಥೆ, 1920ರಿಂದ 1948ರವರೆಗಿನ ನೀಗ್ರೊ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಎಂದು ಘೋಷಿಸಿತು. 2024ರ ಮೇ ತಿಂಗಳಲ್ಲಿ ಆ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿತು. ಟೈ ಕಾಬ್‌ನ ಹೆಸರಿನಲ್ಲಿದ್ದ ಸಾರ್ವಕಾಲಿಕ ಬ್ಯಾಟಿಂಗ್ ಸರಾಸರಿ 0.367ನ್ನು ಹಿಂದೆ ಹಾಕಿ ಜಾಶ್ ಗಿಬ್ಸನ್‌ನ 0.372 ಮೇಲೆ ಬಂತು. ಗಿಬ್ಸನ್ ಸತ್ತದ್ದು 1947ರ ಜನವರಿಯಲ್ಲಿ, ರಾಬಿನ್‌ಸನ್ ಮೈದಾನಕ್ಕೆ ಇಳಿಯುವ ಮೂರು ತಿಂಗಳ ಮೊದಲು. ಈ ಅಂಕಿಗಳು ತಾವಾಗಿ ಬರಲಿಲ್ಲ. ಕಪ್ಪು ಜನರ ಹಳೆಯ ಪತ್ರಿಕೆಗಳ ಪುಟ ತಿರುವಿ ಒಂದೊಂದು ಪಂದ್ಯದ ಲೆಕ್ಕವನ್ನು ವರ್ಷಗಟ್ಟಲೆ ಕೂಡಿಸಿದವರಿದ್ದಾರೆ. ನನ್ನ ಪ್ರಕಾರ ಅವರು ಮಾಡಿದ್ದು ವಿಮರ್ಶೆಯ ಕೆಲಸ. ಅಂತೆಕಂತೆಯನ್ನು ಮತ್ತೆ ಲೆಕ್ಕವಾಗಿಸಿದರು, ಪವಾಡವನ್ನು ದುಡಿಮೆಯಾಗಿಸಿದರು. ಮೇಲಿನ ಹೆಸರು ಬದಲಾಯಿತೆಂದರೆ ಕೆಳಗಿನವನು ಏರಿದ ಅಂತಲ್ಲ, ಅಳತೆಗೋಲೇ ಇಷ್ಟು ದಿನ ಮೋಟಾಗಿತ್ತು ಅಂತ.

ದಲಿತ ವಿಮರ್ಶೆ ಅಂದರೆ ದಲಿತ ಕೃತಿಗಳ ಬಗ್ಗೆ ದಲಿತರು ಬರೆಯುವುದು ಎಂದು ನಾವೇ ಒಪ್ಪಿಕೊಂಡರೆ ಕೂಪರ್ಸ್‌ಟೌನಿನ ಬೇರೆ ಕೋಣೆಗೆ ನಾವೇ ಸುಣ್ಣ ಬಳಿದ ಹಾಗೆ. ಇಡೀ ಸಾಹಿತ್ಯದ ಅಳತೆಗೋಲನ್ನು ಕೈಗೆ ತೆಗೆದುಕೊಂಡು ನೋಡುವುದು ನಮ್ಮ ಕೆಲಸ. ಪಂಪನ ಕರ್ಣನನ್ನೂ, 'ಭಾಷಾ ದೋಷ'ದ ಕೆಂಪು ಗೆರೆಯನ್ನೂ.

ಸಂಪಾದಕರಿಗೆ ಕೊನೆಗೆ ಒಪ್ಪಿಕೊಂಡೆ. ಈ ಸಂಚಿಕೆಯ ಬೀಗದ ಕೈ ನಮ್ಮವರ ಕೈಯಲ್ಲಿದೆ ಎಂಬ ನಂಬಿಕೆಯಿಂದ ಒಪ್ಪಿದೆ. ಆದರೆ ಇದು ಸ್ವಂತ ಮನೆಯೋ ಬೇರೆ ಕೋಣೆಯೋ ಅನ್ನುವುದು ಈ ಸಂಚಿಕೆಯಿಂದ ಗೊತ್ತಾಗುವುದಿಲ್ಲ. ಮುಂದಿನ ತಿಂಗಳ ಸಾಧಾರಣ ಸಂಚಿಕೆಯಿಂದ ಗೊತ್ತಾಗುತ್ತದೆ. ಅದಕ್ಕೆ ಕರ್ಣನ ಬಗ್ಗೆ ಒಂದು ಲೇಖನ ಕಳಿಸುತ್ತಿದ್ದೇನೆ.